ನಾಲ್ಕನೆಯ ಮಹಡಿಯ ನಾಗು ಟೀಚರ್

ಕರೆಂಟು ಹೋಗಿ ಮನೆಯವರೆಲ್ಲ "ಅಯ್ಯೋ" ಅನ್ನುವಾಗ ನಾಗು ಚಿಕ್ಕಮ್ಮ ಮಾತ್ರ ಸುಮ್ಮನೆ ಕೂತು ಕಿವಿಗೊಡುತ್ತಿದ್ದಳು. ಪಕ್ಕದ ಮನೆಯ ಮಿಕ್ಸಿಯ ಸದ್ದು ಇದೆಯೇ, ಬೀದಿದೀಪ ಉರಿಯುತ್ತಿದೆಯೇ ಎಂದು ಗಮನಿಸುತ್ತಿದ್ದಳು. "ಏನು ಹೋಯ್ತು ಅಂತ ಆಮೇಲೆ ಅಳೋಣ. ಮೊದ್ಲು ಏನೇನು ಓಡ್ತಿದೆ ಹೇಳು, ಕಣ್ಣು" ಎನ್ನುತ್ತಿದ್ದಳು. ಎಳೆಯರನ್ನೆಲ್ಲ ಅವಳು ತಮಿಳರ ಹಾಗೆ 'ಕಣ್ಣು' ಎಂದೇ ಕರೆಯುತ್ತಿದ್ದುದು.

ಅವಳು ನನ್ನ ಅಮ್ಮನ ತಂಗಿ. ನೆಗಮಂನ ನೇಕಾರರ ಮನೆಯಲ್ಲಿ ಹುಟ್ಟಿ, ಕೊಯಮತ್ತೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಭೌತಶಾಸ್ತ್ರದ ಟೀಚರಾದವಳು. ಮನೆಮಾತು ಕನ್ನಡ, ಪಾಠ ತಮಿಳು. ಕನ್ನಡ ಅಕ್ಷರ ಅವಳಿಗೆ ಬರುತ್ತಿರಲಿಲ್ಲ. ನಾನೂ ಅದನ್ನು ಕಲಿತದ್ದು ಮದುವೆಯಾಗಿ ಮೈಸೂರಿಗೆ ಹೋದ ಮೇಲೆಯೇ.

ನಾನು ಚಿಕ್ಕವಳಿದ್ದಾಗ ಒಂದು ನವರಾತ್ರಿಯಲ್ಲಿ ಗೊಂಬೆ ಮೆಟ್ಟಿಲಿಗೆ ಸುತ್ತಿದ್ದ ಸೀರಿಯಲ್ ಸೆಟ್ಟು ಒಮ್ಮೆಗೇ ಆರಿಹೋಯಿತು. ಅಪ್ಪ ಅದನ್ನು ಬಿಸಾಡಲು ಎದ್ದರು. ಚಿಕ್ಕಮ್ಮ ಕಸಿದುಕೊಂಡು, ನೆಲದ ಮೇಲೆ ಹರಡಿ, ಒಂದೊಂದೇ ಬಲ್ಬು ತೆಗೆದು ನೋಡುತ್ತ ಹೋದಳು. ಸುಟ್ಟಿದ್ದದ್ದು ಒಂದೇ ಒಂದು. ಅದನ್ನು ಬದಲಿಸಿದ್ದೇ ಸಾಲಿಗೆ ಸಾಲೇ ಹೊತ್ತಿಕೊಂಡಿತು. ಅಷ್ಟಕ್ಕೆ ಬಿಟ್ಟಾಳೆಯೇ? ಹಲಗೆಯೊಂದಕ್ಕೆ ಎರಡು ಹೋಲ್ಡರ್ ಬಡಿದು, ಬಲ್ಬುಗಳನ್ನು ಒಂದರ ಹಿಂದೆ ಒಂದಾಗಿ ಜೋಡಿಸಿದಳು. ಎರಡೂ ಮಂಕಾಗಿ, ಜ್ವರ ಬಂದವರ ಕಣ್ಣಿನಂತೆ ಉರಿದವು. ತಂತಿ ಬಿಚ್ಚಿ ಅಕ್ಕಪಕ್ಕ ಜೋಡಿಸಿದಾಗ ಎರಡೂ ಝಗ್ಗೆಂದವು. ಒಂದನ್ನು ಕಿತ್ತಳು, ಇನ್ನೊಂದು ಹಾಗೇ ಉರಿಯುತ್ತಿತ್ತು.

"ಸೀರೀಸ್ ಅಂದ್ರೆ ದಾರಿ ಒಂದೇ. ಒಬ್ಬ ನಿಂತ್ರೆ ಎಲ್ಲಾರೂ ನಿಲ್ಲಬೇಕು, ಇರೋದ್ರಲ್ಲೇ ಹಂಚ್ಕೋಬೇಕು. ಪ್ಯಾರಲಲ್‌ನಲ್ಲಿ ಅವರವರ ದಾರಿ ಅವರವರಿಗೆ. ತಿಳೀತಾ ಕಣ್ಣು?"

ಅವಳು ನಿವೃತ್ತಳಾಗುವ ಹೊತ್ತಿಗೆ ಚಿಕ್ಕಪ್ಪನಿಗೆ ಮರೆವಿನ ಕಾಯಿಲೆ ಶುರುವಾಗಿತ್ತು. ಮನೆಯ ಮಗ್ಗದ ಪಕ್ಕದಲ್ಲೇ ಬೆಳೆದು, ಗಿರಣಿಯಲ್ಲಿ ಬಣ್ಣದ ಮೇಸ್ತ್ರಿಯಾಗಿದ್ದ ಗಂಭೀರ ಮನುಷ್ಯ, ಈಗ ಹೆಂಡತಿ ಅಡುಗೆಮನೆಗೆ ಹೋದರೂ ಹುಡುಕಿಕೊಂಡು ಹೊರಟುಬಿಡುತ್ತಿದ್ದರು. ಪಾಠ ಹೇಳಿಸಿಕೊಳ್ಳಲು ಹುಡುಗಿಯರು ಮನೆಗೆ ಬಂದರೆ ಕೂಗಾಡುತ್ತಿದ್ದರು, ಅದೂ ನಿಂತಿತು. ಅವರು ಮಧ್ಯಾಹ್ನ ನಿದ್ದೆಹೋದರೆ ಕೆಳಗಿನ ಅಂಗಡಿಗೆ ಹೋಗಿಬರುವುದು, ಅಷ್ಟೇ ಅವಳ ಊರು. "ಸ್ಕೂಲಲ್ಲಿ ಬೆಲ್ಲು ಹೊಡೆದ್ರೆ ಕ್ಲಾಸ್ ಮುಗೀತಿತ್ತು. ಇಲ್ಲಿ ಬೆಲ್ಲೇ ಇಲ್ಲ" ಎಂದು ಫೋನಿನಲ್ಲಿ ಒಮ್ಮೆ ಹೇಳಿದಳು.

ಒಂದು ಮಧ್ಯಾಹ್ನ ನಾನು ಮೈಸೂರಿನಿಂದ ಬಂದಾಗ ಅವಳು ಹಾಲು ತರಲು ಕೆಳಗಿಳಿದಿದ್ದಳು. ಇಬ್ಬರೂ ಲಿಫ್ಟ್ ಹತ್ತಿದೆವು. ಕೈಯಲ್ಲಿ ಎಳೆದು ಮುಚ್ಚುವ ಕಂಬಿಗೇಟಿನ ಹಳೆಯ ಲಿಫ್ಟು. ಎರಡನೆಯ ಮಹಡಿ ದಾಟಿದ್ದೇ ಗಕ್ಕನೆ ನಿಂತಿತು. ಎದುರಿಗೆ ಬರೀ ಸಿಮೆಂಟಿನ ಗೋಡೆ. ನಾನು ಬೆಲ್ ಒತ್ತಿದೆ. ವಾಚ್‌ಮನ್ ಊಟಕ್ಕೆ ಹೋಗಿದ್ದನೋ ಏನೋ. ಮೊಬೈಲಿಗೆ ಸಿಗ್ನಲ್ ಇಲ್ಲ. "ಕರೆಂಟು ಹೋಯ್ತು ಚಿಕ್ಕಮ್ಮಾ" ಎಂದೆ.

"ಲೈಟು ಉರೀತಿದೆ, ಫ್ಯಾನು ತಿರುಗ್ತಿದೆ. ಕರೆಂಟು ಎಲ್ಲಿ ಹೋಯ್ತು?" ಎಂದಳು. "ಲೈಟಿಗೆ ಬೇರೆ ದಾರಿ, ಕಣ್ಣು. ಮೋಟಾರಿಗೆ ಮಾತ್ರ ಗೇಟುಗಳೆಲ್ಲ ಸೀರೀಸ್. ಎಲ್ಲಾ ಮಹಡಿ ಗೇಟೂ ಸರಿಯಾಗಿ ಮುಚ್ಚಿದ್ರೆ ತಾನೆ ಇದು ಓಡೋದು. ಎಲ್ಲೋ ಒಂದು ಗೇಟು..."

ಮಾತು ಅಲ್ಲಿಗೇ ನಿಂತಿತು. ಅವಳು ತಲೆಯೆತ್ತಿ ಮೇಲೆ ನೋಡಿದಳು. ಅವರ ಮಹಡಿಯ ಗೇಟಿನ ಕೊಂಡಿ ಸವೆದಿತ್ತು; ಲಿಫ್ಟು ಇಲ್ಲದಾಗಲೂ ಎಳೆದರೆ ತೆರೆದುಕೊಳ್ಳುತ್ತಿತ್ತು. ಸರಿ ಮಾಡಿಸಿ ಎಂದು ಅವಳು ಕಟ್ಟಡದವರಿಗೆ ಹೇಳುತ್ತಲೇ ಇದ್ದಳು.

ಮೇಲಿನಿಂದ ಚಪ್ಪಲಿ ಎಳೆಯುವ ಸದ್ದು ಕೇಳಿತು. "ನಾಗೂ... ಎಲ್ಲಿದ್ದೀ?"

ತೆರೆದ ಗೇಟಿನ ಕೆಳಗೆ ಬಾವಿಯಂತೆ ಬಾಯ್ದೆರೆದ ಜಾಗ, ಅದರ ಅಂಚಿನಲ್ಲಿ ಚಿಕ್ಕಪ್ಪ. "ಮುಂದೆ ಬರಬೇಡಿ" ಎಂದು ಕಿರುಚಲು ನಾನು ಬಾಯಿ ತೆರೆದೆ. ಚಿಕ್ಕಮ್ಮ ನನ್ನ ಬಾಯಿಗೆ ಅಂಗೈ ಒತ್ತಿಹಿಡಿದಳು. ಬೇಡ ಎಂದದ್ದನ್ನೇ ಮಾಡುವ ಹಟ ಅವರದು ಎಂದು ಅವಳಿಗೆ ಗೊತ್ತಿತ್ತು. ಕಂಬಿಗೆ ಮುಖ ಒತ್ತಿ, ದಿನವೂ ಆಡುವ ಮಾತಿನಂತೆ ಮೇಲಕ್ಕೆ ಕೂಗಿದಳು:

"ಏನ್ರೀ, ಗಾಳಿ ಬರ್ತಿದೆ. ಮಗ್ಗದ ಮೇಲೆ ನೂಲೆಲ್ಲ ಸಿಕ್ಕಾಗ್ತದೆ. ಕದ ಸಾತ್ತಿ!" ಸಾತ್ತುವುದು ಎಂದರೆ ನಮ್ಮ ಕಡೆ ಮುಚ್ಚುವುದು.

ಚಪ್ಪಲಿಯ ಸದ್ದು ನಿಂತಿತು. ಆಮೇಲೆ, "ಅಯ್ಯೋ, ನೂಲು!" ಎಂಬ ಗಾಬರಿಯ ದನಿ. ಕರ್ರೆಂದು ಗೇಟು ಎಳೆದ ಸದ್ದು. ಚಿಕ್ಕಮ್ಮ ಗುಂಡಿ ಒತ್ತಿದಳು. ಲಿಫ್ಟು ಮೇಲೇರಿತು.

ನಾಲ್ಕನೆಯ ಮಹಡಿಯಲ್ಲಿ ಚಿಕ್ಕಪ್ಪ ಎರಡೂ ಕೈಯಲ್ಲಿ ಗೇಟನ್ನು ಬಿಗಿಯಾಗಿ ಹಿಡಿದು ನಿಂತಿದ್ದರು. ತೆಗೆಯಲು ಬಿಡಲೊಲ್ಲರು.

"ಗಾಳಿ ನಿಂತೋಯ್ತು, ಬಿಡ್ರಿ."

"ನೀವು ಯಾರು?"

"ನಾನು ನಾಗು ತಾನೆ" ಎಂದಳು. ಅವರು ನಂಬಲಿಲ್ಲ. ಕಂಬಿಯ ಸಂದಿಯಲ್ಲಿ ಬೆರಳು ತೂರಿಸಿ, ಅವರ ಬೆರಳುಗಳನ್ನು ಮೆಲ್ಲಗೆ ನೀವುತ್ತ ನಿಂತಳು. ಹಿಡಿತ ತಾನಾಗಿ ಸಡಿಲುವವರೆಗೆ ಅವಸರ ಮಾಡಲಿಲ್ಲ. ಒಳಗೆ ಹೋಗಿ ಅವರನ್ನು ಕೂರಿಸಿದ ಮೇಲೆ ಬಚ್ಚಲಿಗೆ ಹೋಗಿ ಅಗುಳಿ ಹಾಕಿಕೊಂಡಳು. ನಲ್ಲಿ ನೀರು ಬಹಳ ಹೊತ್ತು ಸುರಿಯುತ್ತಿತ್ತು.

ಲಿಫ್ಟಿನ ಕೊಂಡಿ ರಿಪೇರಿಯಾಯಿತು. ಆದರೂ ಬಾಗಿಲಿಗೊಂದು ಕಬ್ಬಿಣದ ಗ್ರಿಲ್ ಹಾಕಿಸಿ ಬೀಗ ಜಡಿ ಎಂದು ಅಮ್ಮ, ಸೋದರಮಾವ ಎಲ್ಲರೂ ಹೇಳಿದರು. ಹಾಕಿಸಿದಳು. ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಬೀಗ ಅವರಿಗೆ ಅಂತ ಎಲ್ಲಾರೂ ಹೇಳ್ತೀರಿ. ಒಳಗೆ ಇರೋದು ನಾನೂ ತಾನೆ?" ಎಂದು ಕೇಳಿದಳು. ಕೋಪದಿಂದಲ್ಲ; ಲೆಕ್ಕ ಸರಿಯಿದೆಯೇ ಎಂದು ನೋಡುವವಳ ಹಾಗೆ.

ಈಗ ಚಿಕ್ಕಮ್ಮ ಇಲ್ಲ. ಒಂದು ಬೆಳಿಗ್ಗೆ ಎದೆನೋವು ಎಂದು ಕೂತವಳು ಏಳಲಿಲ್ಲ. ಚಿಕ್ಕಪ್ಪನನ್ನು ಕುನ್ನತ್ತೂರಿನ ಅವರ ತಮ್ಮನ ಮನೆಯವರು ಕರೆದುಕೊಂಡು ಹೋದರು.

ಅದಕ್ಕೆ ಸ್ವಲ್ಪ ಮುಂಚೆ ನಾನು ಅವಳನ್ನು ನೋಡಲು ಹೋಗಿದ್ದೆ. ಅವಳು ಸ್ನಾನಕ್ಕೆಂದು ಬಿಚ್ಚಿಟ್ಟ ಗ್ರಿಲ್ಲಿನ ಕೀಲಿಯನ್ನು ಚಿಕ್ಕಪ್ಪ ಎಲ್ಲೋ ಬಚ್ಚಿಟ್ಟಿದ್ದರು. ಇನ್ನೊಂದು ಕೀಲಿ ಇದ್ದ ಪಕ್ಕದ ಮನೆಯವರು ಉಕ್ಕಡಂ ಕಡೆ ಹೋಗಿದ್ದರು. "ಸಿಕ್ತದೆ ಬಿಡು, ಅಕ್ಕಿ ಡಬ್ಬದಲ್ಲೋ ದಿಂಬಿನ ಕೆಳಗೋ ಇರ್ತದೆ. ನಿನಗೆ ಬಸ್ಸಿಗೆ ಹೊತ್ತಾಗ್ತದೆ" ಎಂದು ಹೇಳಿ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದಳು. ಲೋಟ ಕಂಬಿಯ ಸಂದಿಯಲ್ಲಿ ತೂರಲಿಲ್ಲ. ಸ್ವಲ್ಪ ಯೋಚಿಸಿ, ಚಪ್ಪಟೆಯಾದ ಒಂದು ಪುಟ್ಟ ಬಟ್ಟಲು ತಂದು, ಅದರಲ್ಲಿ ಸ್ವಲ್ಪ ಸ್ವಲ್ಪವೇ ಕಾಫಿ ಸುರಿದು ದಾಟಿಸಿದಳು. ನಾನು ಕುಡಿದು ಬಟ್ಟಲು ಹಿಂದಕ್ಕೆ ಕೊಟ್ಟೆ. ಅವಳು ಮತ್ತೆ ತುಂಬಿಸಿದಳು. ಲೋಟ ಖಾಲಿಯಾಗುವವರೆಗೂ ಹಾಗೆಯೇ, ನಾನು ಹೊರಗೆ ನಿಂತು, ಅವಳು ಒಳಗೆ ನಿಂತು.