ಗಿರಿಜೆಯ ಕಿವಿಯ ಮಿಷನ್ನು, ಕುರುಗೋಡಿನ ಬಸವಣ್ಣ

ಬಸವಣ್ಣನನ್ನು ನಂಬಿದ ಅಕ್ಕಂದಿರೇ, ಅಣ್ಣಂದಿರೇ, ನನಗೆ ಬರೆದು ರೂಢಿಯಿಲ್ಲ, ಮಾತಾಡಿ ರೂಢಿ. ಆದರೆ ಇಷ್ಟು ದೊಡ್ಡ ಉಪಕಾರ ಪಡೆದು ಬಾಯಿ ಮುಚ್ಚಿಕೊಂಡಿದ್ದರೆ ಅನ್ನ ಮೈಗೆ ಹತ್ತುವುದಿಲ್ಲ. ಅದಕ್ಕೇ ಬರೆಯಲು ಕೂತೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾವು ಸಿರುಗುಪ್ಪದಲ್ಲಿದ್ದೆವು. ನಮ್ಮ ಮನೆಯವರು ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಮನೆಯಲ್ಲಿ ನಾವಿಬ್ಬರು, ಅತ್ತೆ, ಮತ್ತೆ ಒಬ್ಬಳೇ ಮಗಳು ಗಿರಿಜೆ. ಆಕೆಗೆ ಹುಟ್ಟಿನಿಂದಲೇ ಕಿವಿ ಬಹಳ ಮಂದ. ಆರು ತುಂಬಿದ ಮೇಲೆ ಹೇಗೋ ಒಂದು ಕಿವಿಯ ಮಿಷನ್ನು ಬಂತು. ಈಗಿನ ಹಾಗೆ ಕಿವಿಯೊಳಗೆ ಅಡಗುವಂಥದ್ದಲ್ಲ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಡಬ್ಬಿ, ಅದರಿಂದ ಕಿವಿಗೆ ಒಂದು ವೈರು, ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಒಂದು ಪೆನ್ಸಿಲ್ ಸೆಲ್ಲು. ಅದನ್ನು ಎದೆಯ ಮೇಲೆ ಕಟ್ಟಿಕೊಳ್ಳಲು ನಾನೇ ಒಂದು ಚೀಲ ಹೊಲಿದಿದ್ದೆ. ಒಂದು ವರ್ಷದಲ್ಲಿ ಹುಡುಗಿ ಅವ್ವ, ಅಪ್ಪ, ಅಜ್ಜಿ, ನೀರು, ರೊಟ್ಟಿ ಎಂದು ಶುರು ಮಾಡಿ ನನ್ನೊಡನೆ ಜಗಳ ಆಡುವಷ್ಟು ಮಾತು ಕಲಿತಳು.

ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ ಹೆಡ್‌ಮಿಸ್ಟ್ರೆಸ್ ಆಕೆಯ ಎದೆಯ ಮೇಲಿನ ಡಬ್ಬಿಯನ್ನು ನೋಡಿ ಯೋಚನೆಗೆ ಬಿದ್ದರು.

"ಮುಂದಿನ ಮಂಗಳವಾರ ಕರ್ಕೊಂಡ ಬರ್ರಿ. ನಾನು ಬೆನ್ನ ಹಿಂದ ನಿಂತು ಕೇಳ್ತೀನಿ. ಉತ್ತರ ಕೊಟ್ಟಳಂದ್ರ ಸೇರಿಸ್ಕೊಂತೀನಿ. ಇಲ್ಲಂದ್ರ ಮೈಸೂರಿನಾಗ ಕಿವುಡ ಮಕ್ಕಳ ಸಾಲಿ ಐತಿ, ಅಲ್ಲೇ ಹಾಸ್ಟೆಲಿನಾಗ ಬಿಡಬೇಕಾಗ್ತೈತಿ ನೋಡ್ರಿ."

ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಇದ್ದದ್ದನ್ನೇ ಹೇಳಿದರು. ಆದರೆ ನನ್ನ ಸೆರಗು ಹಿಡಿದುಕೊಳ್ಳದೆ ನಿದ್ದೆ ಮಾಡದ ಕೂಸನ್ನು ಮೈಸೂರಿನಲ್ಲಿ ಬಿಟ್ಟು ಬರುವುದೆಂದರೆ ನನ್ನ ಕರುಳನ್ನು ಅಲ್ಲಿ ಬಿಟ್ಟು ಬಂದ ಹಾಗೆ.

ಆ ವಾರವೇ ಮಿಷನ್ನು ನಿಂತಿತು. ರಾತ್ರಿ ಮಲಗುವಾಗ ಚೆನ್ನಾಗಿತ್ತು, ಬೆಳಗ್ಗೆ ನಾನು ಕರೆದರೆ ಹುಡುಗಿ ತಿರುಗಲಿಲ್ಲ. ಗುಂಡಿ ತಿರುಗಿಸಿದೆವು, ವೈರು ಬಿಚ್ಚಿ ಮತ್ತೆ ಸಿಕ್ಕಿಸಿದೆವು. ಮನೆಯವರು ಹೊಸ ಸೆಲ್ಲು ತಂದು ಹಾಕಿದರು. ಸ್ವಲ್ಪ ಹೊತ್ತು ಗೊರಗೊರ ಅಂದು ಮರುದಿನ ಮತ್ತೆ ಸತ್ತಿತು. ಇನ್ನೊಂದು ಸೆಲ್ಲು ತಂದರು. ಅದಕ್ಕೆ ಆ ಗೊರಗೊರವೂ ಇಲ್ಲ. ಅತ್ತೆ ಉಪ್ಪು ಮೆಣಸಿನಕಾಯಿ ತಂದು ಹುಡುಗಿಗೂ ಮಿಷನ್ನಿಗೂ ಸೇರಿಸಿ ದೃಷ್ಟಿ ತೆಗೆದರು. ಮೆಣಸಿನಕಾಯಿ ಘಾಟಿಗೆ ನಾವೆಲ್ಲ ಕೆಮ್ಮಿದ್ದೇ ಬಂತು.

ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೆ ಗಿರಿಜೆಯನ್ನು ಕರೆದುಕೊಂಡು ಬಳ್ಳಾರಿಗೆ ಹೋದೆ. ಕಂಟೋನ್ಮೆಂಟಿನ ಹತ್ತಿರ ಒಬ್ಬ ಕಿವಿ ಡಾಕ್ಟರಿದ್ದರು. ಅವರು ಡಬ್ಬಿಯ ಮುಚ್ಚಳ ತೆಗೆದು ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಸೆಲ್ಲು ಕೂರುವ ಎರಡೂ ತುದಿಯ ತಗಡಿಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು.

"ಸೆಲ್ಲು ಸೋರೈತಮ್ಮ. ಒಳಗೆಲ್ಲ ತಿಂದುಬಿಟ್ಟಿರ್ತೈತಿ. ಮದ್ರಾಸಿಗೆ ಕಳಿಸಬೇಕು, ಬರಾಕ ತಿಂಗಳ ಮ್ಯಾಲೇ ಆಗ್ತೈತಿ."

ನಾಳೆಯೇ ಪರೀಕ್ಷೆ ಎಂದೆ. ಅವರು ಡಬ್ಬಿ ಮುಚ್ಚಿ ನನ್ನ ಕೈಗೆ ಕೊಟ್ಟರು. ಅಲ್ಲಿಂದ ರೇಡಿಯೋ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯಾತ ವೈರನ್ನೂ ಕಿವಿಗೆ ಹಾಕುವ ಗುಂಡನ್ನೂ ಬೇರೆ ಪೆಟ್ಟಿಗೆಗೆ ಹಚ್ಚಿ ನೋಡಿ, "ಇವೆಲ್ಲ ಬೇಷ್ ಅದಾವಮ್ಮ, ಡಬ್ಬಿನೇ ಖರಾಬ್ ಆಗೈತಿ. ನಾ ಬಿಚ್ಚಿದ್ರ ಇದ್ದದ್ದೂ ಹೋಗ್ತೈತಿ" ಅಂದ. ಹಟಕ್ಕೆ ಬಿದ್ದು ಅವನಿಂದಲೇ ಇನ್ನೊಂದು ಹೊಸ ಸೆಲ್ಲು ಕೊಂಡು ಸೆರಗಿಗೆ ಗಂಟು ಹಾಕಿದೆ.

ಬಸ್‌ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಬಸ್ಸು ನಿಂತಿತ್ತು. ಹತ್ತಲು ನನಗೆ ಕಾಲು ಬರಲಿಲ್ಲ. ಪಕ್ಕದ ಬಸ್ಸಿನ ಕಂಡಕ್ಟರು "ಕುರುಗೋಡು, ಕುರುಗೋಡು" ಎಂದು ಕೂಗುತ್ತಿದ್ದ. ಸೋಮವಾರ ಬೇರೆ, ಬಸವಣ್ಣನ ವಾರ. ಏನಾದರಾಗಲಿ ಎಂದು ಅದನ್ನೇ ಹತ್ತಿಬಿಟ್ಟೆ.

ಬೇರೆ ಗುಡಿಗಳಲ್ಲಿ ಬಸವಣ್ಣನ ಕಿವಿಯಲ್ಲಿ ಬಾಯಿಟ್ಟು ಕಷ್ಟ ಹೇಳಿಕೊಳ್ಳುತ್ತೇವೆ. ಕುರುಗೋಡಿನ ದೊಡ್ಡ ಬಸವಣ್ಣನೋ ಆಳೆತ್ತರ ಮೀರಿದ ಕಲ್ಲಿನ ನಂದಿ, ಅವನ ಕಿವಿ ಯಾರಿಗೆ ಎಟುಕಬೇಕು? ನಾನು ಕೆಳಗೆ ನಿಂತು ಗಟ್ಟಿಯಾಗಿಯೇ ಕೇಳಿದೆ.

"ನಿನ್ನ ಕಿವಿ ಅಷ್ಟು ಮ್ಯಾಲ ಇಟ್ಕೊಂಡು ಕುಂತಿ. ನನ್ನ ಮಗಳ ಕಿವಿ ಇಲ್ಲಿ ಕೆಳಗ ಐತಿ, ಬಗ್ಗಿ ನೋಡು. ಆಕಿನ್ನ ಮೈಸೂರಿಗೆ ಕಳಿಸಬ್ಯಾಡ. ಕೊಟ್ಟಾತ ನೀನೇ, ಈಗ ಕಸ್ಕೊಂತೀಯೇನು?"

ಪೂಜೆಗೆ ಬಂದಿದ್ದ ಹೆಂಗಸರು ತಿರುಗಿ ನೋಡಿದರು. ನೋಡಲಿ ಬಿಡು ಎಂದುಕೊಂಡೆ. ಅತ್ತು ಹಗುರಾಗಿ, ಪೂಜಾರಪ್ಪನಿಂದ ತೀರ್ಥ ವಿಭೂತಿ ತೆಗೆದುಕೊಂಡು, ಹುಡುಗಿ ಎಲ್ಲಿ ಎಂದು ತಿರುಗಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಮಿಷನ್ನು ನಿಲ್ಲುವ ಸ್ವಲ್ಪ ಮುಂಚೆ ಮಠದ ಅಯ್ಯನವರು ಗಿರಿಜೆಗೆ ಲಿಂಗದೀಕ್ಷೆ ಕೊಟ್ಟಿದ್ದರು. ದಿನಾ ಬೆಳಗ್ಗೆ ಅಜ್ಜಿಯ ಪಕ್ಕ ಕೂತು ಪೂಜೆ ಕಲಿಯುತ್ತಿದ್ದಳು. ಕೊರಳಿನ ಕರಡಿಗೆಯ ಮುಚ್ಚಳ ತೆಗೆದು, ಲಿಂಗವನ್ನು ಎಡಗೈಯಲ್ಲಿಟ್ಟು, ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಮತ್ತೆ ಕರಡಿಗೆಯಲ್ಲಿಡುವುದು. ಅತ್ತೆ ಕಣ್ಣು ಮುಚ್ಚಿ ಕೂತರೆ ಮನೆ ಬಿದ್ದರೂ ತೆರೆಯುವವರಲ್ಲ. ನಾನೋ ಆ ಹೊತ್ತಿಗೆ ಒಲೆಯ ಮುಂದೆ.

ಹುಡುಗಿ ಕಂಬದ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಎದೆಯ ಮೇಲಿನ ಮಿಷನ್ನಿನ ಮುಚ್ಚಳ ತೆಗೆದಳು. ಸೆಲ್ಲನ್ನು ಹೊರಗೆ ತೆಗೆದು ಎಡಗೈಯಲ್ಲಿಟ್ಟುಕೊಂಡಳು. ಪೂಜಾರಪ್ಪ ತನಗೂ ಕೊಟ್ಟಿದ್ದ ತೀರ್ಥವನ್ನು ಅದರ ಮೇಲೆ ಚಿಮುಕಿಸಿ, ಮೂರು ಬೆರಳಲ್ಲಿ ವಿಭೂತಿ ಬಳಿದು, ತಲೆಗೂ ಬುಡಕ್ಕೂ ಮೆತ್ತಿ, ಕಣ್ಣು ಮುಚ್ಚಿ ಏನೋ ಗೊಣಗಿದಳು. ಆಮೇಲೆ ಜೋಪಾನವಾಗಿ ಒಳಗಿಟ್ಟು ಮುಚ್ಚಳ ಹಾಕಿದಳು.

ಬಯ್ಯಬೇಕೆಂದು ಬಾಯಿ ತೆರೆದಾಗಲೇ ನನಗೆ ಹೊಳೆಯಿತು. ಡಾಕ್ಟರು ತೋರಿಸಿದ ಆ ಬಿಳಿ ಹೆಪ್ಪು ಸೆಲ್ಲು ಸೋರಿದ್ದಲ್ಲ, ನಮ್ಮ ಮನೆಯ ವಿಭೂತಿ.

ಆಕೆಯ ಮುಂದೆ ಕೂತು, ತುಟಿ ಕಾಣುವಂತೆ ಕೇಳಿದೆ. "ದಿನಾ ಹಿಂಗ ಮಾಡ್ತಿಯೇನು?"

ಹೂಂ ಎಂದು ತಲೆಯಾಡಿಸಿದಳು. "ಇದು ಕೇಳ್ಸೋ ದ್ಯಾವ್ರು, ಅವ್ವಾ. ಸಿಟ್ಟು ಬಂದೈತಿ. ನಾ ಪೂಜಿ ಮಾಡ್ತೀನಿ."

ಆಕೆಯನ್ನು ಅಪ್ಪಿಕೊಂಡು ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡೂ ಮಾಡಿದೆ. ಗುಡಿಯ ಕಟ್ಟೆಯ ಮೇಲೆ ಬಿಸಿಲಿತ್ತು. ನಮ್ಮ ಕಡೆಯ ಬಿಸಿಲಿಗೆ ಒಂದು ಸಲವಾದರೂ ಒಳ್ಳೆಯ ಮಾತು ಹೇಳಬೇಕಾಗಿ ಬಂತು. ಸೆಲ್ಲು ತೆಗೆದು ಡಬ್ಬಿಯನ್ನು ಒಣಗಲಿಟ್ಟೆ. ತಲೆಯ ಹೇರ್‌ಪಿನ್ನು ತೆಗೆದು ತಗಡಿನ ಹೆಪ್ಪನ್ನು ಮೆಲ್ಲಗೆ ಕೆರೆದೆ, ಸೆರಗಿನಿಂದ ಒರೆಸಿದೆ. ಗಂಟು ಬಿಚ್ಚಿ ಹೊಸ ಸೆಲ್ಲು ಹಾಕಿ ಬಸವಣ್ಣನ ಹೆಸರು ಹೇಳಿ ಗುಂಡಿ ತಿರುಗಿಸಿದೆ.

ಕುಂಯ್ ಎಂದು ಸಿಳ್ಳೆ ಹೊಡೆಯಿತು. ಕಿವಿಗೆ ಹಾಕುವ ಮುಂಚೆ ಈ ಮಿಷನ್ನು ಹಾಗೇ ಕೂಗುವುದು. ಬೇರೆ ದಿನ ಆ ಸದ್ದು ಕೇಳಿದರೆ ನನಗೆ ತಲೆನೋವು. ಆವತ್ತು ಅದನ್ನು ನಿಲ್ಲಿಸಲು ಮನಸ್ಸೇ ಬರಲಿಲ್ಲ.

ಪೂಜಾರಪ್ಪ ಒಳಗಿನಿಂದ ಬಂದು ಮೇಲೆಲ್ಲ ನೋಡಿ, "ಯಾವ ಹಕ್ಕಿ ಹೊಕ್ಕತವ್ವ ಗುಡ್ಯಾಗ?" ಎಂದು ಕೇಳಿದ.

ಮನೆಗೆ ಬಂದು ಹೇಳಿದರೆ ನಮ್ಮ ಮನೆಯವರು ನಕ್ಕರು. "ಬಸವಣ್ಣ ಏನ ಮಾಡಿದ? ಎಲ್ಲಾ ನಿನ್ನ ಹೇರ್‌ಪಿನ್ನ ಮಾಡೈತಿ."

"ಹೇರ್‌ಪಿನ್ನು ಮೊದಲಿಂದ ನನ್ನ ತಲ್ಯಾಗ ಇತ್ತಲ್ರೀ," ಅಂದೆ. "ಅದು ಮನ್ಯಾಗ ಯಾಕ ಮಾಡಲಿಲ್ಲ?" ಸಿರುಗುಪ್ಪದ ಬಸ್ಸು ಹತ್ತಿದ್ದರೆ ಹುಡುಗಿ ಸೆಲ್ಲಿಗೆ ಪೂಜೆ ಮಾಡುವುದನ್ನು ನಾನು ನೋಡುತ್ತಲೇ ಇರಲಿಲ್ಲ. ನನ್ನನ್ನು ಕುರುಗೋಡಿಗೆ ಕರೆಸಿ, ಆ ಹೊತ್ತಿಗೆ ಸರಿಯಾಗಿ ತಿರುಗಿ ನೋಡುವಂತೆ ಮಾಡಿದಾತ ಬಸವಣ್ಣನೇ. ಇದನ್ನು ಯಾರು ಎಷ್ಟು ನಕ್ಕರೂ ನಾನು ಬಿಡುವವಳಲ್ಲ.

ಮಂಗಳವಾರ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಗಿರಿಜೆಯನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದರು. ನನ್ನನ್ನು ಬಾಗಿಲ ಹೊರಗೆ ಕಳಿಸಿದರು. ಅವರು ಹಿಂದೆ ಸರಿದು, ಸಾಧಾರಣ ದನಿಯಲ್ಲಿ ಕೇಳಿದರು. "ನಿಮ್ಮ ಅವ್ವನ ಹೆಸರೇನು?"

ಆಕೆಗೆ ನಾನು ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಬಾಯಿಪಾಠ ಮಾಡಿಸಿದ್ದೆ. ನನ್ನ ಹೆಸರು ಹೇಳಿಕೊಡಬೇಕೆಂದು ಹೊಳೆದೇ ಇರಲಿಲ್ಲ. ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಅತ್ತೆ ಒಬ್ಬರೇ, ಅದೂ ಅಡುಗೆಮನೆಯ ಆ ತುದಿಯಿಂದ.

ಹುಡುಗಿ ಥೇಟ್ ತನ್ನ ಅಜ್ಜಿಯ ರಾಗದಲ್ಲೇ ಹೇಳಿದಳು.

"ಏ ಶಾಂತವ್ವಾ."

ನಾನು ಬಾಗಿಲಲ್ಲೇ ನಿಂತು ಕುರುಗೋಡಿನ ದಿಕ್ಕಿಗೆ ಕೈಮುಗಿದು, ಮಗಳು ಕರೆದದ್ದಕ್ಕೆ "ಓ" ಅಂದೆ.