ಮೂರು ಬ್ಯಾಂಡು, ನಾಲ್ಕು ಜನ

ಹೋದ ವಾರ ನಮ್ಮ ಅತ್ತೆ ಕಳೆದುಹೋದರು. ಹಾಡಹಗಲು, ಸುತ್ತಲೂ ಎತ್ತರದ ಗೋಡೆ, ಕಂಬಕ್ಕೊಂದು ಕ್ಯಾಮರಾ ಇರುವ ಥೀಮ್ ಪಾರ್ಕಿನೊಳಗೆ.

ಅವರಿಗೆ ಅರವತ್ತೆರಡು ವರ್ಷ. ಸಕ್ಕರೆ ಕಾಯಿಲೆ. ಕೈಯಲ್ಲಿ ಫೋನಿಲ್ಲ. ನಾವು ಅವರನ್ನು ಒಂದು ಕಲ್ಲುಬೆಂಚಿನ ಮೇಲೆ ಕೂರಿಸಿ ಊಟಕ್ಕೆ ಹೋಗಿದ್ದೆವು. ಹೌದು, ಅವರನ್ನು ಬಿಟ್ಟು. ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ನಾನಂತೂ ಹೊಟ್ಟೆ ಬಿರಿಯ ಉಂಡೆ.

ಇದು ಹೇಗಾಯಿತು? ಎಂಟು ದಿನದಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಮುಂಡರಗಿ ಬಸ್ಸಿನ ಕಿಟಕಿಗೆ ತಲೆ ಆನಿಸಿದರೆ ಸಾಕು, ಆ ಖಾಲಿ ಬೆಂಚು ಕಣ್ಣಮುಂದೆ ಬಂದು ನಿಲ್ಲುತ್ತದೆ. (ನಾನು ಮುಂಡರಗಿಯಲ್ಲಿ ಹೈಸ್ಕೂಲ್ ಟೀಚರು, ಮನೆ ಬೆಟಗೇರಿ. ಈ ಅಂಕಣದ ಅರ್ಧ ಹುಟ್ಟುವುದು ಆ ಬಸ್ಸಿನಲ್ಲೇ ಎಂಬುದು ಹಳೆಯ ಓದುಗರಿಗೆ ಗೊತ್ತು.)

ಮೊದಲಿನಿಂದ ಹೇಳುತ್ತೇನೆ.

ಮಗಳು ಶ್ರೇಯಾ ಆರನೇ ಕ್ಲಾಸು. ಅವಳ ಗೆಳತಿಯರಲ್ಲಿ ಆ ಪಾರ್ಕಿಗೆ ಹೋಗದವಳು ಇವಳೊಬ್ಬಳೇ ಅಂತೆ. ನಮ್ಮ ಪ್ರವಾಸವೆಂದರೆ ಇಷ್ಟು ದಿನ ಕಪ್ಪತಗುಡ್ಡ. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೋಗಿ ಸಂಜೆ ಬರುವುದು. ಈ ಸಲ ಅದಕ್ಕೆ ಅವಳು ಒಪ್ಪಲಿಲ್ಲ. ಶಿರಹಟ್ಟಿಯಲ್ಲಿ ಕಚೇರಿ ಕೆಲಸದಲ್ಲಿರುವ ನಮ್ಮ ಮನೆಯವರು ಎರಡು ದಿನ ರಜೆ ಹಾಕಿದರು. ಒಂದು ಭಾನುವಾರ ಮೊಬೈಲು ಹಿಡಿದು ಬುಕಿಂಗಿಗೆ ಕೂತೆವು.

ಟಿಕೆಟ್ ಆಯಿತು. ಆಮೇಲೆ ಪರದೆಯ ಮೇಲೆ ಬಂತು ನೋಡಿ, ಮೀಲ್ ಪ್ಲಾನ್. ಮುಂಗಡ ದುಡ್ಡು ಕಟ್ಟಿದರೆ ಕೈಗೊಂದು ಕಿತ್ತಳೆ ಬಣ್ಣದ ಬ್ಯಾಂಡು. ಮಧ್ಯಾಹ್ನ ಬೇಕಾದಷ್ಟು ಊಟ, ಸಂಜೆ ಚಹಾ, ಸ್ನ್ಯಾಕ್ಸು.

ತಗೋಬೇಕೋ ಬೇಡವೋ? ನಮ್ಮ ಮನೆಯಲ್ಲಿ ಮದುವೆ ಮಾತುಕತೆಯೂ ಅಷ್ಟು ಹೊತ್ತು ನಡೆದಿರಲಿಕ್ಕಿಲ್ಲ. ಒಂದೊಂದು ಅಂಗಡಿ ಮುಂದೆ ನಿಂತು ಪರ್ಸು ತೆಗೆಯುವ ಕಾಟ ತಪ್ಪುತ್ತದೆ ಎಂದರು ಇವರು. ಐಸ್‌ಕ್ರೀಮ್ ಎಷ್ಟು ಸಲ ಬೇಕಾದರೂ ತಿನ್ನಬಹುದು ಎಂದು ಓದಿದ್ದೇ ತಡ, ಶ್ರೇಯಾ ತೀರ್ಪು ಕೊಟ್ಟಳು. ಹಾಗಾದರೆ ನಾಲ್ಕು ಪ್ಲಾನು ಎಂದು ನಾನು ಟಿಕ್ ಮಾಡುತ್ತಿದ್ದೆ.

ಅಷ್ಟರಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ಅತ್ತೆ ತಲೆ ಎತ್ತಿದರು. ಹೆಸರು ನೀಲವ್ವ. ಅಸುಂಡಿಯ ಶಾಲೆಯಲ್ಲಿ ವರ್ಷಗಟ್ಟಲೆ ಬಿಸಿಯೂಟದ ಅಡುಗೆ ಮಾಡಿ, ಎರಡು ವರ್ಷದ ಹಿಂದೆ ಬಿಟ್ಟು, ಈಗ ನಮ್ಮ ಜೊತೆ ಇದ್ದಾರೆ. ತಮಗೆ ಅದೆಲ್ಲ ಬೇಡ, ಆ ಅನ್ನ ತಮಗೆ ಸೇರುವುದಿಲ್ಲ, ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ಮುಗಿಯಿತು ಎಂದರು.

ನಾನು ಎರಡನೇ ಮಾತು ಕೇಳಲಿಲ್ಲ. ನಾಲ್ಕನೇ ಟಿಕ್ ತೆಗೆದೆ. ಒಂದು ಸೆಕೆಂಡಿನ ಕೆಲಸ. ಖರೆ ಹೇಳಬೇಕೆಂದರೆ ಒಳಗೊಳಗೆ ಸಮಾಧಾನವೂ ಆಯಿತು. ಉಣ್ಣುವುದೇ ಒಂದೂವರೆ ರೊಟ್ಟಿ, ಅವರಿಗೇಕೆ ಅನ್‌ಲಿಮಿಟೆಡ್?

ಪಾರ್ಕಿನ ಗೇಟಿನಲ್ಲಿ ಬ್ಯಾಗು ತಪಾಸಣೆ. ಸೆಕ್ಯೂರಿಟಿಯ ಹೆಣ್ಣುಮಗಳು ಬಿಳಿ ಬಟ್ಟೆಯ ಗಂಟು ಬಿಚ್ಚಿದಳು. ರೊಟ್ಟಿ. ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಕೂಸಿನ ಊಟ ಮತ್ತು ಔಷಧಿಗೆ ಮಾತ್ರ ಅವಕಾಶ ಎಂದಳು. ಒರಟಾಗೇನೂ ಹೇಳಲಿಲ್ಲ. ಗಂಟನ್ನು ಮತ್ತೆ ಕಟ್ಟಿ, ಹಿಂದಿನ ರ‍್ಯಾಕಿನಲ್ಲಿಟ್ಟು, ಟೋಕನ್ ಕೊಟ್ಟಳು.

ಆಗ ನಾನು ಒಂದು ಮಾತು ಹೇಳಬಹುದಿತ್ತು. ಇವರಿಗೆ ಶುಗರ್ ಇದೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂದಿದ್ದರೆ ಬಿಡುತ್ತಿದ್ದಳೋ ಏನೋ. ಹೇಳಲಿಲ್ಲ. ಹಿಂದೆ ಉದ್ದ ಸಾಲಿತ್ತು. ಜನ ಆ ರೊಟ್ಟಿ ಗಂಟು ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು. (ರೊಟ್ಟಿಗೆ ನಾಚಿಕೆ! ಗದಗಿನವಳಿಗೆ!) ಒಳಗೆ ಏನಾದರೂ ಕೊಡಿಸಿದರಾಯಿತು ಎಂದುಕೊಂಡು ಮುಂದೆ ನಡೆದೆ.

ಮೂವರ ಕೈಗೆ ಬ್ಯಾಂಡು ಬಿತ್ತು. ಅತ್ತೆ ತಮ್ಮ ಬಳೆ ಸರಿಮಾಡಿಕೊಂಡರು.

ಒಳಗೆ ಹೋದ ಮೇಲೆ ತಿಳಿದದ್ದು, ಪ್ಲಾನು ತಗೊಂಡವರ ದಿನವನ್ನು ಪ್ಲಾನೇ ನಡೆಸುತ್ತದೆ. ಊಟದ ಹಾಲ್ ತೆರೆಯುವುದು ಹನ್ನೆರಡೂವರೆಗೆ, ಮುಚ್ಚುವುದು ಎರಡೂವರೆಗೆ. ಶ್ರೇಯಾ ನೀರಿನ ಜಾರುಬಂಡೆಯ ಸಾಲಿನಲ್ಲಿ ಒಂದು ತಾಸು ನಿಂತಿದ್ದಳು. ಅವಳ ಪಾಳಿ ಬಂದು, ಮುಗಿದು, ನಾವು ಓಡೋಡುತ್ತ ಊಟದ ಹಾಲ್ ಮುಂದೆ ಬಂದಾಗ ಎರಡು ಗಂಟೆ.

ಬಾಗಿಲಿಗೆ ಹಗ್ಗ ಕಟ್ಟಿತ್ತು. ಟೋಪಿ ಹಾಕಿದವನೊಬ್ಬ ಕೈ ನೋಡಿ ನೋಡಿ ಒಳಗೆ ಬಿಡುತ್ತಿದ್ದ. ಬ್ಯಾಂಡ್ ಇಲ್ಲದವರಿಗೆ ಪ್ರವೇಶವಿಲ್ಲ. ಹಿರಿಯರು ಸುಮ್ಮನೆ ನಮ್ಮ ಜೊತೆ ಕೂರಲಿ ಎಂದು ಇವರು ಕೇಳಿದರು. ಆಗುವುದಿಲ್ಲ, ಬೇಕಿದ್ದರೆ ಮೇನ್ ಗೇಟಿನ ಕೌಂಟರಿನಲ್ಲಿ ಒಂದು ಊಟದ ಕೂಪನ್ ತನ್ನಿ ಎಂದ. ಮೇನ್ ಗೇಟು ಅಲ್ಲಿಂದ ಕಾಲು ತಾಸಿನ ದಾರಿ.

ನಾನು ಹೋಗಿ ತರುತ್ತೇನೆ ಎಂದು ಇವರು ಹೊರಟರು. ತಡೆದವಳು ನಾನೇ. ನೀವು ಹೋಗಿ ಬರುವಷ್ಟರಲ್ಲಿ ಹಾಲ್ ಮುಚ್ಚುತ್ತದೆ, ಮೂರೂ ಬ್ಯಾಂಡು ವೇಸ್ಟ್ ಎಂದೆ. ಆಮೇಲೆ ಅತ್ತೆಯ ಕಡೆ ತಿರುಗಿದೆ.

"ಅತ್ತಿ, ಹಸಿವಾಗೈತೇನ್ರಿ?"

ಅವರು ಹಗ್ಗ ನೋಡಿದರು. ಒದ್ದೆ ಕೂದಲಲ್ಲಿ ನಡುಗುತ್ತ ನಿಂತಿದ್ದ ಮೊಮ್ಮಗಳನ್ನು ನೋಡಿದರು.

"ನನಗೇನೂ ಹಸಿವಿಲ್ಲ. ನೀವು ಉಂಡು ಬರ್ರಿ. ನಾ ಇಲ್ಲೇ ಕುಂತಿರ್ತೀನಿ."

ನಾನು ನಂಬಿದೆ. ನಂಬಿದರೆ ನನಗೆ ಅನುಕೂಲವಿತ್ತು. ಬೇರೆ ದಿನ ಇದೇ ಅತ್ತೆ ಹಸಿವಿಲ್ಲ ಎಂದರೆ ನಾನು ನಂಬುತ್ತೇನೆಯೇ? ತಾಟು ಹಿಡಿದು ಹಿಂದೆ ಹಿಂದೆ ತಿರುಗುವುದಿಲ್ಲವೇ?

ಒಳಗಿನ ವೈಭವ ಕೇಳಬೇಡಿ. ನಾಲ್ಕು ಥರದ ಅನ್ನ, ಪೂರಿ, ಚಪಾತಿ, ಜಾಮೂನು, ಜಿಲೇಬಿ. ಇಪ್ಪತ್ತೈದು ನಿಮಿಷ ಉಳಿದಿತ್ತು. ಕಟ್ಟಿದ ದುಡ್ಡು ಹುಟ್ಟಬೇಕಲ್ಲ? ಬೇಕಾದ್ದು ಬೇಡದ್ದು ಎಲ್ಲ ಬಡಿಸಿಕೊಂಡೆ. ಹಸಿವು ತೀರಿದ ಮೇಲೂ ಎರಡು ಸಲ ಎದ್ದು ಹೋದೆ. ಪಕ್ಕದ ಟೇಬಲ್ಲಿನ ತಟ್ಟೆಗಳಲ್ಲಿ ಮುಟ್ಟದ ಪೂರಿ ರಾಶಿ ಬಿದ್ದಿತ್ತು. ನಮ್ಮ ತಟ್ಟೆಯೂ ಅದಕ್ಕಿಂತ ಬೇರೆ ಇರಲಿಲ್ಲ. ಇವರು ಮಾತ್ರ ಎರಡು ತುತ್ತು ಉಂಡು ಬಾಗಿಲ ಕಡೆ ನೋಡುತ್ತ ಕೂತಿದ್ದರು. ಉಣ್ಣಿರಿ, ದುಡ್ಡು ಕೊಟ್ಟೀವಿ ಎಂದು ಅವರಿಗೂ ಹೇಳಿದೆ.

ಎದ್ದು ಹೊರಡುವಾಗ ನೋಡುತ್ತೇನೆ, ಶ್ರೇಯಾಳ ಕೈಯಲ್ಲಿ ಟಿಶ್ಯೂ ಪೇಪರಿನ ಸುರುಳಿ. ಒಂದು ಚಪಾತಿ, ಅದರೊಳಗೆ ಪಲ್ಯ. ಅಜ್ಜಿಗೆ ಅಂದಳು.

ಹೊರಗೆ ಹೋಗುವ ಬಾಗಿಲ ಪಕ್ಕ ಬೋರ್ಡಿತ್ತು, ಆಹಾರ ಹೊರಗೆ ಒಯ್ಯುವಂತಿಲ್ಲ ಎಂದು. ಬೋರ್ಡಿನ ಕೆಳಗೆ ಮುಸುರೆಯ ದೊಡ್ಡ ಡ್ರಮ್ಮು. ಡ್ರಮ್ಮಿನ ಪಕ್ಕ ಯೂನಿಫಾರ್ಮಿನವನೊಬ್ಬ. ಅವನು ನಮ್ಮ ಕಡೆ ಕಣ್ಣೆತ್ತಿದ.

ನಾನು ಮಗಳ ಕೈಯಿಂದ ಆ ಸುರುಳಿ ಕಸಿದು ಡ್ರಮ್ಮಿಗೆ ಹಾಕಿದೆ.

"ಮಂದ್ಯಾಗ ಮಾನ ಕಳೀತಿ ಏನ?" ಅಂದೆ. ಮೆತ್ತಗೆ, ಹಲ್ಲು ಕಚ್ಚಿ. ತರಗತಿಯಲ್ಲಿ ಕಾಪಿ ಹೊಡೆದವರಿಗೂ ಆ ದನಿಯಲ್ಲಿ ಬೈದವಳಲ್ಲ ನಾನು.

ಹೊರಗೆ ಬಂದೆವು. ಬೆಂಚು ಖಾಲಿ.

ಮೊದಲು ಬಾತ್‌ರೂಮಿಗೆ ಹೋಗಿರಬೇಕು ಅಂದುಕೊಂಡೆವು. ಅಲ್ಲಿರಲಿಲ್ಲ. ನೀರಿನ ನಲ್ಲಿಯ ಹತ್ತಿರ ಇರಲಿಲ್ಲ. ಇವರು ಫಸ್ಟ್ ಏಡ್ ರೂಮಿಗೆ ಓಡಿದರು. ಯಾವ ಕಡೆ ತಿರುಗಿದರೂ ಜೋರು ಸಂಗೀತ, ಮೇಲಿಂದ ಕೆಳಗೆ ಬೀಳುವ ತೊಟ್ಟಿಲುಗಳಿಂದ ಕಿರುಚಾಟ. ಅದರಲ್ಲಿ ಯಾರ ಕೂಗು ಯಾರಿಗೆ ಕೇಳುತ್ತದೆ? ಸೀರೆ ಉಟ್ಟ ಹೆಂಗಸರೆಲ್ಲ ಹಿಂದಿನಿಂದ ಅತ್ತೆಯಂತೆಯೇ ಕಂಡರು.

ಹುಡುಕಿದವಳು ಶ್ರೇಯಾ. ಊಟದ ಹಾಲ್ ಹಿಂದೆ, ಸಿಬ್ಬಂದಿಗೆ ಮಾತ್ರ ಎಂದು ಬರೆದ ಅರೆತೆರೆದ ಬಾಗಿಲೊಳಗೆ ಇಣುಕಿ, ಅಜ್ಜೀ ಎಂದು ಕೂಗಿದಳು. ನಾನು ಓಡಿದೆ.

ಗೋಡೆಗೆ ಕಸಬರಿಗೆಗಳನ್ನು ಆನಿಸಿಟ್ಟು, ನೀಲಿ ಕೋಟು ಹಾಕಿದ ನಾಲ್ಕೈದು ಹೆಂಗಸರು ನೆರಳಲ್ಲಿ ಕೂತು ಉಣ್ಣುತ್ತಿದ್ದರು. ನಡುವೆ ನಮ್ಮ ಅತ್ತೆ. ತಲೆ ಮೇಲೆ ಒದ್ದೆ ಬಟ್ಟೆ, ಮುಂದೆ ಸ್ಟೀಲ್ ಡಬ್ಬಿಯ ಮುಚ್ಚಳ, ಅದರಲ್ಲಿ ಮುದ್ದೆ, ಸಾರು.

ನಡೆದದ್ದು ಇದು. ಅತ್ತೆ ಹನ್ನೆರಡೂವರೆಗೆ ರೂಢಿಯಂತೆ ಊಟಕ್ಕೆ ಮುಂಚಿನ ಗುಳಿಗೆ ನುಂಗಿದ್ದರು. (ಔಷಧಿಗೆ ಅವಕಾಶ ಇತ್ತಲ್ಲ.) ಇನ್ನರ್ಧ ತಾಸಿಗೆ ಏನಾದರೂ ತಿನ್ನಲು ಸಿಕ್ಕೀತು ಎಂದುಕೊಂಡಿದ್ದರು. ನಾವು ಊಟದ ಹಾಲ್ ಒಳಗೆ ಹೋದ ಸ್ವಲ್ಪ ಹೊತ್ತಿಗೆ ಮೈ ಬೆವರಿ, ಕೈ ನಡುಗಿ, ಬೆಂಚಿನ ಮೇಲೆ ವಾಲಿದ್ದಾರೆ. ಗುಡಿಸುತ್ತ ಬಂದ ರತ್ನಮ್ಮ ಎಂಬುವರು ನೋಡಿದ್ದಾರೆ. ಅವರ ತಾಯಿಗೂ ಸಕ್ಕರೆ ಕಾಯಿಲೆಯಂತೆ, ಕೂಡಲೇ ಗೊತ್ತಾಗಿದೆ. ತಮ್ಮ ಚಹಾದ ಸಕ್ಕರೆ ತಂದು ಬಾಯಿಗೆ ಹಾಕಿ, ಸ್ವಲ್ಪ ಸುಧಾರಿಸಿದ ಮೇಲೆ ಇಬ್ಬರು ಹಿಡಿದುಕೊಂಡು ನೆರಳಿಗೆ ಕರೆತಂದು, ತಮ್ಮ ಡಬ್ಬಿ ಬಿಚ್ಚಿದ್ದಾರೆ. ಒಬ್ಬಾಕೆ ಬೆಂಚಿನ ಹತ್ತಿರ ನಮಗಾಗಿ ಕಾದು, ಬರಲಿಲ್ಲವೆಂದು ವಾಪಸು ಬಂದಿದ್ದರು.

ರತ್ನಮ್ಮ ನನ್ನನ್ನು ಕೇಳಿದರು, "ಇವ್ರನ್ನ ಒಬ್ರನ್ನೇ ಬಿಟ್ಟು ಎಲ್ಲಿಗ್ ಹೋಗಿದ್ರಿ?"

ಬ್ಯಾಂಡ್ ಇದ್ದ ಕೈ ತಾನಾಗಿಯೇ ಸೆರಗಿನೊಳಗೆ ಹೋಯಿತು.

ಅತ್ತೆಯೇ ಮಾತು ತಿರುಗಿಸಿದರು. ಮುದ್ದೆಯನ್ನು ಅಗಿಯಬಾರದಂತೆ, ಹಾಗೇ ನುಂಗಬೇಕಂತೆ, ತಾವು ಅಗಿದದ್ದು ನೋಡಿ ಇವರೆಲ್ಲ ನಕ್ಕರಂತೆ. ಸಾರಿಗೆ ಹುಳಿ ತುಸು ಮುಂದಾಗಿದೆ, ಆದರೆ ಒಗ್ಗರಣೆ ಛಲೋ ಐತಿ ಎಂದು ಅಡುಗೆಯವರ ಗತ್ತಿನಲ್ಲಿ ಹೇಳಿದರು. ಆ ಹೆಂಗಸರು ಮತ್ತೆ ನಕ್ಕರು. ನನಗೆ ಅಲ್ಲಿ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಅವರ ಐದು ಡಬ್ಬಿಯ ಊಟದಲ್ಲಿ ಆರು ಜನ ಉಂಡಿದ್ದರು. ಇಪ್ಪತ್ತು ಹೆಜ್ಜೆಯಾಚೆ, ಗೋಡೆಯ ಆ ಕಡೆ, ನಾನು ತಿನ್ನಲಾರದೆ ಬಿಟ್ಟ ಅನ್ನ ಡ್ರಮ್ಮಿನಲ್ಲಿತ್ತು.

ಇವರು ಫಸ್ಟ್ ಏಡ್ ರೂಮಿನಿಂದ ಕರೆತಂದ ನರ್ಸು ಶುಗರ್ ನೋಡಿದರು. ಈಗ ಪರವಾಗಿಲ್ಲ, ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಅವರು ಅದನ್ನು ಸಹಜವಾಗಿ ಹೇಳಿದರು. ಇವರು ನೆಲ ನೋಡುತ್ತ ನಿಂತರು.

ಸಂಜೆಯ ಸ್ನ್ಯಾಕ್ಸಿಗೆ ಯಾರೂ ಹೋಗಲಿಲ್ಲ. ಗೇಟಿನಲ್ಲಿ ಟೋಕನ್ ಕೊಟ್ಟಾಗ ರೊಟ್ಟಿಯ ಗಂಟು ವಾಪಸು ಬಂತು. ಅದನ್ನು ಒಳಗಿರುವ ರತ್ನಮ್ಮನಿಗೆ ಮುಟ್ಟಿಸಬೇಕೆಂದು ಅತ್ತೆ ಹಟ ಹಿಡಿದರು. ಸೆಕ್ಯೂರಿಟಿಯವಳು ಅತ್ತಿತ್ತ ನೋಡಿ, ಇಸಿದುಕೊಂಡಳು. ಮುಟ್ಟಿತೋ ಇಲ್ಲವೋ ಗೊತ್ತಿಲ್ಲ.

ಊರಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಅತ್ತೆಯ ಮುಂದೆ ಕೂತು, ನನಗೆ ಬೈಯಿರಿ ಎಂದೆ. ಬೈದರೆ ಹಗುರಾಗುತ್ತದೆ ಎಂಬ ಸ್ವಾರ್ಥ. ಅವರು ಬೈಯಲಿಲ್ಲ. ಹಸಿವಾಗಿದೆ ಎಂದು ತಾವೇ ಬಾಯಿಬಿಟ್ಟು ಹೇಳಬೇಕಿತ್ತು, ಹೇಳದಿದ್ದರೆ ನಿಮಗೆ ಹೇಗೆ ತಿಳಿಯಬೇಕು ಎಂದು ತಪ್ಪು ತಮ್ಮ ಮೇಲೆ ಹಾಕಿಕೊಂಡರು. ಅದಕ್ಕಿಂತ ಎರಡು ಏಟು ಹಾಕಿದ್ದರೆ ಸಹಿಸಬಹುದಿತ್ತು.

ಮೊನ್ನೆ ಸ್ಟಾಫ್‌ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಅದೇ ಪಾರ್ಕಿಗೆ ಹೊರಡುವ ಮಾತು ತೆಗೆದರು. ಮೀಲ್ ಪ್ಲಾನು ತಗೊಳ್ಳಬೇಕೋ ಬ್ಯಾಡೋ, ನೀವು ಹೋಗಿ ಬಂದವರು ಹೇಳ್ರಿ ಮೇಡಂ ಎಂದರು. ತಗೊಂಡರೆ ಮನೆಯ ಎಲ್ಲರಿಗೂ ತಗೊಳ್ಳಿ, ಒಬ್ಬರನ್ನು ಬಿಡುವುದಾದರೆ ಯಾರಿಗೂ ಬೇಡ ಎಂದೆ. ಊಟ ಹೇಗಿತ್ತು ಎಂದು ಕೇಳಿದರು. ಚೆನ್ನಾಗಿತ್ತು. ಅದೇ ನೋಡಿ, ಊಟ ಬಹಳ ಚೆನ್ನಾಗಿತ್ತು.

ಪಾರ್ಕಿನ ನಿಯಮಕ್ಕೆ ನಾನು ಬೆಚ್ಚಿಲ್ಲ. ವ್ಯಾಪಾರ ಮಾಡುವವರು ಹಗ್ಗ ಕಟ್ಟುತ್ತಾರೆ. ಮನೆಗೆ ಬಂದವರನ್ನು ಚಹಾ ಕುಡಿಸದೆ ಕಳಿಸಿದರೆ ಇಡೀ ದಿನ ಚಡಪಡಿಸುವ ನಾನು, ಒಂದು ಪ್ಲಾಸ್ಟಿಕ್ ಪಟ್ಟಿ ಕೈಗೆ ಬಿದ್ದ ನಾಲ್ಕೇ ತಾಸಿನಲ್ಲಿ ಆ ಹಗ್ಗದ ಕಾವಲಿಗೆ ನಿಂತೆನಲ್ಲ, ಅದಕ್ಕೆ ಬೆಚ್ಚಿದ್ದೇನೆ. ಯಾರು ಕಲಿಸಿದರು ನನಗೆ? ಅಷ್ಟು ಜಲ್ದಿ ಹೇಗೆ ಕಲಿತೆ?

ಶ್ರೇಯಾ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ಶಾಲೆಗೆ ಹೊರಟವಳಿಗೆ ಜಡೆ ಹಾಕುತ್ತಿದ್ದೆ. ಬೆನ್ನು ನನ್ನ ಕಡೆ ಇತ್ತು, ಮುಖ ಕಾಣುತ್ತಿರಲಿಲ್ಲ. ಬೈಯುವ ದನಿಯಲ್ಲೂ ಅಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಮಮ್ಮಿ, ಆ ಡ್ರಮ್ಮಿನ ಬಾಜೂ ನಿಂತಿದ್ದ ಅಂಕಲ್ ಏನೂ ಅಂದಿರಲಿಲ್ಲಲ್ಲ, ಮತ್ತ ನೀ ಯಾಕ ಚಪಾತಿ ಕಸಗೊಂಡಿ?"