ಸಮುದಾಯ ಭವನದ ಗೋಡೆಯ ಮೇಲಿನ ಕಾಳಗ

ಇರಕಲ್ಲಗಡದ ಆಚೆಗಿನ ಒಂದು ಹಳ್ಳಿಯಲ್ಲಿ ಹೊಸದಾಗಿ ಸಮುದಾಯ ಭವನ ಕಟ್ಟಿಸಿದ್ದರು. ಅದರ ಒಳಗೋಡೆಯ ಮೇಲೆ ಊರಿನ ವೀರನ ಕಾಳಗವನ್ನು ಬರೆಸಬೇಕೆಂದು ಊರವರ ಆಸೆ. ಯಾವುದೋ ಕಾಲದಲ್ಲಿ ಊರ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರೊಡನೆ ಕಾದಾಡಿ ಸತ್ತವನು ಅವನು. ಅವನ ವೀರಗಲ್ಲು ಊರ ಹೆಬ್ಬಾಗಿಲಾದ ಅಗಸಿಯ ಪಕ್ಕದಲ್ಲಿ ಈಗಲೂ ನಿಂತಿದೆ.

ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುವ ನನ್ನನ್ನು ಊರಿನ ಹಿರಿಯರೊಬ್ಬರು ಬಂದು ಕೇಳಿದರು. ಅಷ್ಟು ದೊಡ್ಡ ಗೋಡೆ ಒಬ್ಬಳಿಂದ ಆಗುವಂಥದ್ದಲ್ಲ. ಗಂಗಾವತಿಯ ಗೆಳೆಯರೊಬ್ಬರನ್ನು ಜೊತೆಗೆ ಕರೆದೆ. ಅವರೂ ನನ್ನ ಹಾಗೆಯೇ ಡ್ರಾಯಿಂಗ್ ಮಾಸ್ತರರು, ವಯಸ್ಸಿನಲ್ಲಿ ನನಗಿಂತ ಹಿರಿಯರು, ಮುಸಲ್ಮಾನರು. ಅವರ ತಂದೆ ನಾಟಕದ ಪರದೆ ಬರೆದು ಸಂಸಾರ ಸಾಗಿಸಿದವರು. ಕುದುರೆ ಬರೆಯುವುದರಲ್ಲಿ ನಮ್ಮ ಕಡೆ ಮಾಸ್ತರರನ್ನು ಮೀರಿಸುವವರಿಲ್ಲ.

ಬೇಸಿಗೆ ರಜೆಯಲ್ಲಿ ಕೆಲಸ ಹಿಡಿದೆವು. ಬಿಸಿಲು ಏರುವ ಮುಂಚೆ ಬಂದು ಗೋಡೆಗೆ ಬಿಳಿ ಬಣ್ಣ ಬಳಿದೆವು. ಅದು ಒಣಗಿದ ಮೇಲೆ ಇದ್ದಿಲಿನಿಂದ ವೀರನನ್ನೂ ಅವನ ಕುದುರೆಯನ್ನೂ ಗುರುತು ಹಾಕಿದೆವು. ಎದುರಾಳಿಗಳ ಜಾಗ ಇನ್ನೂ ಖಾಲಿ ಇತ್ತು. ಆಗ ಭವನದ ಕಮಿಟಿಯಲ್ಲಿದ್ದ ಯುವಕನೊಬ್ಬ ಬಂದ. ಊರಲ್ಲಿ ಪೈಪು, ಮೋಟಾರು ಮಾರುವ ಅಂಗಡಿ ಅವನದು. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ನನ್ನ ಮುಂದೆ ಹಿಡಿದ.

"ಮೇಡಂ, ವೈರಿಗಳು ಹಿಂಗ ಇರಬೇಕ್ರಿ."

ಚಿತ್ರದಲ್ಲಿ ನಾಯಕ ಬೆಳ್ಳಗೆ ಹೊಳೆಯುತ್ತಿದ್ದ. ಎದುರಿನವರೆಲ್ಲ ಕರಿಮುಖದವರು, ಕೆಂಗಣ್ಣಿನವರು. ಎಲ್ಲರಿಗೂ ಗಡ್ಡ, ಎಲ್ಲರಿಗೂ ಹಸಿರು ರುಮಾಲು. ಮಾಸ್ತರರು ಅಟ್ಟಣಿಗೆಯ ಮೇಲಿಂದ ಬಗ್ಗಿ ಅದನ್ನು ನೋಡಿದರು. ಅವರದೂ ಗಡ್ಡವೇ, ನೆರೆತು ಬೆಳ್ಳಗಾದದ್ದು. ಇಳಿದು, ಕೈ ತೊಳೆದುಕೊಂಡು, "ಚಾ ಕುಡದು ಬರ್ತೀನ್ರಿ" ಎಂದು ಹೊರಗೆ ಹೋದರು.

ನನಗೆ ಸಿಟ್ಟು ಬಂತು. ಆದರೆ ಯುವಕನ ಮುಖದಲ್ಲಿ ಕೆಡುಕೇನೂ ಕಾಣಲಿಲ್ಲ. ಅಂಥ ಚಿತ್ರಗಳನ್ನೇ ನೋಡುತ್ತ ಬೆಳೆದವನು, ವೈರಿ ಅಂದರೆ ಹಾಗೆಯೇ ಇರುತ್ತಾನೆಂದು ನಂಬಿದ್ದ.

"ಕಲ್ಲಿನ್ಯಾಗ ಹ್ಯಾಂಗ ಐತಿ, ಹಂಗ ಬರೀತೀವಪ್ಪ," ಅಂದೆ.

"ಕಲ್ಲಿನ್ಯಾಗ ಏನ್ ಕಾಣತೈತ್ರಿ? ಬರೇ ಎಣ್ಣಿ."

ಅದು ನಿಜವೇ ಆಗಿತ್ತು. ಮಾಸ್ತರರು ಚಹಾ ಕುಡಿದು ಬಂದ ಮೇಲೆ ಮೂವರೂ ಅಗಸಿಗೆ ಹೋದೆವು. ಎಣ್ಣೆ, ಅರಿಷಿಣ, ಕುಂಕುಮ ಮೆತ್ತಿ ಮೆತ್ತಿ ಕಲ್ಲಿನ ಮೇಲೆ ಕಪ್ಪು ತೊಗಟೆ ಕಟ್ಟಿತ್ತು. ಅಲ್ಲಿ ಪೂಜೆ ಮಾಡುವುದು ಎದುರು ಮನೆಯ ಅಜ್ಜಿ. ಕಲ್ಲನ್ನು ತೊಳೆದು ನೋಡಬಹುದೇ ಎಂದು ಅವಳನ್ನು ಕೇಳಿದೆ. ಅವಳು ನಮ್ಮ ಮೂವರನ್ನೂ ಒಮ್ಮೆ ದಿಟ್ಟಿಸಿದಳು.

"ನೀವು ಮುಟ್ಟಬ್ಯಾಡ್ರಿ. ನಾನ ಎರಿತೀನಿ."

ಒಲೆಯ ಮೇಲೆ ನೀರು ಕಾಯಿಸಿದಳು. ಸೀಗೆಪುಡಿ ಕಲಸಿ ತಂದಳು. ಮೊಮ್ಮಕ್ಕಳಿಗೆ ಎರೆಯುವ ಹಾಗೆ ತಿಕ್ಕಿ ತಿಕ್ಕಿ ನೀರು ಹಾಕಿದಳು. ಯುವಕ ಕೊಡ ಹೊತ್ತು ತಂದುಕೊಟ್ಟ. ಮೊದಲು ದನಗಳು ಕಂಡವು, ಒಂದರ ಹಿಂದೊಂದು. ಆಮೇಲೆ ಬಿಲ್ಲು ಹಿಡಿದ ವೀರ, ಅವನೆದುರು ಬಿಲ್ಲು ಹಿಡಿದ ಇಬ್ಬರು, ಕಾಲ ಕೆಳಗೆ ಬಿದ್ದವನೊಬ್ಬ. ಕುದುರೆ ಇರಲೇ ಇಲ್ಲ. ನಾವು ಅದನ್ನು ಸುಮ್ಮನೆ ಊಹಿಸಿಕೊಂಡು ಬರೆದಿದ್ದೆವು.

ಮಾಸ್ತರರು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು. ಎಲ್ಲರ ತಲೆಯ ಮೇಲೂ ಒಂದೇ ಬಗೆಯ ತುರುಬು, ಸೊಂಟಕ್ಕೆ ಒಂದೇ ಬಗೆಯ ಕಚ್ಚೆ. ಬಿದ್ದವನ ಮುಖವನ್ನೂ ಶಿಲ್ಪಿ ವೀರನ ಮುಖದ ಹಾಗೆಯೇ ಕಡೆದಿದ್ದ. ಗಾತ್ರ ಬಿಟ್ಟರೆ ಬೇರೆ ಭೇದವಿರಲಿಲ್ಲ.

"ನಮ್ಮಾಂವ ಯಾಂವ ಇದ್ರಾಗ?" ಯುವಕ ಕೇಳಿದ.

"ದೊಡ್ಡಾಂವ ಅದಾನಲ್ಲ, ಅಂವಾ," ಅಜ್ಜಿ ಸೆರಗಿನಿಂದ ಕಲ್ಲು ಒರೆಸುತ್ತ ಹೇಳಿದಳು.

"ಸಣ್ಣಾವ್ರು?"

"ಅವರೂ ಅವರ ಊರಾಗ ದೊಡ್ಡಾವ್ರ ಇದ್ದಾರು ತಗೊ. ಅಲ್ಲೂ ಒಂದ್ ಕಲ್ಲು ನೆಟ್ಟಿರತಾರ." ಇಷ್ಟು ಹೇಳಿ ಎಣ್ಣೆ ಬಟ್ಟಲು ತರಲು ಒಳಗೆ ಹೋದಳು.

ಯುವಕನಿಗೆ ಸಮಾಧಾನವಾಗಲಿಲ್ಲ. "ಎಲ್ಲಾರೂ ಒಂದ ಥರ ಇದ್ರ, ವೈರಿ ಯಾರು ಅಂತ ಮಂದಿಗೆ ಹ್ಯಾಂಗ ತಿಳೀಬೇಕ್ರಿ ಮಾಸ್ತರ್?"

"ಬಿಲ್ಲು ನಮ್ಮಾಂವನ ಕಡಿ ತಿರುವ್ಯಾನಲ್ಲಪ್ಪ. ಸಣ್ಣ ಹುಡುಗರಿಗೂ ತಿಳೀತೈತಿ."

ಅಷ್ಟರಲ್ಲಿ ಹಿರಿಯರೂ ಅಲ್ಲಿಗೆ ಬಂದರು. ಕಲ್ಲು ನೋಡಿದರು. "ಹಿರ್ಯಾರು ಮಾಡಿಟ್ಟದ್ದು ಹಿಂಗ ಐತಿ ಅಂದ್ರ ಹಿಂಗ ಬರೀರಿ" ಎಂದುಬಿಟ್ಟರು. ಯುವಕ ಮುಖ ಬಿಗಿದುಕೊಂಡ. ಕಡೆಗೆ ಒಂದೇ ಮಾತು ಕೇಳಿದ: ವೀರನ ಧೋತರವಾದರೂ ಕೇಸರಿ ಇರಬೇಕು. ಮಾಸ್ತರರು, "ಆಗಲಿ, ಬೂದಿ ಬಣ್ಣದ ದನಗಳ ಮುಂದ ಛಲೋ ಎದ್ದು ಕಾಣತೈತಿ" ಎಂದರು. ಮರುದಿನ ಆ ಬಣ್ಣವನ್ನು ತಾವೇ ಕಲಸಿ, ತಾವೇ ಹಚ್ಚಿದರು. ಕುದುರೆಯನ್ನು ಅಳಿಸುವಾಗ ಮಾತ್ರ ಅವರಿಗೆ ಸಂಕಟವಾಯಿತು.

ಅವತ್ತು ಸಂಜೆ ಅವರ ಗಾಡಿಯ ಹಿಂದೆ ಕುಳಿತು ಬರುವಾಗ, ನಿನ್ನೆ ಮನಸ್ಸಿಗೆ ನೋವಾಯಿತೇ ಎಂದು ಕೇಳಿದೆ. 

"ನೋವು ಆಗೂದು ಆಗತೈತ್ರಿ ಮೇಡಂ. ಇಲ್ಲ ಅಂದ್ರ ಸುಳ್ಳಾಗತೈತಿ. ಚಾದಂಗಡಿಯಿಂದ ಹಂಗ ಮನಿಗೆ ಹೋಗಿಬಿಡೂಣು ಅನ್ನಿಸಿತ್ತು. ಆದ್ರ ನಾ ಹೋದ್ರ ಮತ್ತೊಬ್ರು ಬಂದು ಮೊಬೈಲಿನ್ಯಾಗಿದ್ದದ್ದ ಬರೀತಿದ್ರು. ಅದನ್ನ ದಿನಾ ಆ ಊರಿನ ಹುಡುಗರು ನೋಡ್ತಿದ್ರು."

ನಾನು ಕೇಳಬಾರದಿತ್ತೇನೋ ಅನ್ನಿಸಿತು. ಅವರೇ ಮಾತು ಬದಲಿಸಿ, ದನಗಳ ಕೋಡು ಇನ್ನಷ್ಟು ಬಾಗಬೇಕೆಂದರು.

ಚಿತ್ರ ಮುಗಿದಾಗ ಊರವರು ಹೆಚ್ಚು ಹೊತ್ತು ನೋಡಿದ್ದು ಕಾಳಗವನ್ನಲ್ಲ, ದನಗಳನ್ನು. ಹೆಂಗಸರು ಗೋಡೆಯ ಹತ್ತಿರ ಹೋಗಿ ಇದು ನಮ್ಮ ಮನೆಯದು, ಅದು ನಿಮ್ಮದು ಎಂದು ವಾದಿಸಿದರು. ಹಿರಿಯರು ಎತ್ತೊಂದಕ್ಕೆ ಬಾಲ ಗಿಡ್ಡವಾಯಿತೆಂದು ತಕರಾರು ತೆಗೆದರು. ಮಾಸ್ತರರು ನಗುತ್ತ ಅದನ್ನು ತಿದ್ದಿದರು. ಆ ಯುವಕ ಅವತ್ತು ಬರಲಿಲ್ಲ.

ಮುಂದೆ ಒಮ್ಮೆ ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಅವನು ಎದುರಾದ. ನಾನು ನೋಡದ ಹಾಗೆ ಹೋಗಬಹುದಿತ್ತು, ಅವನೂ ಹೋಗಬಹುದಿತ್ತು. ಅವನೇ ನಿಂತು ನಮಸ್ಕಾರ ಮಾಡಿದ.

"ಮಾಸ್ತರ್ ಆರಾಮ ಅದಾರೇನ್ರಿ?"

"ಆರಾಮ ಅದಾರಪ್ಪ."

"ನಾ ಕೇಳಿದೆ ಅಂತ ಹೇಳ್ರಿ," ಎಂದ. ಇನ್ನೇನೋ ಹೇಳಬೇಕೆಂದುಕೊಂಡಂತಿತ್ತು. ಅಷ್ಟರಲ್ಲಿ ಕುಷ್ಟಗಿ ಬಸ್ಸು ಬಂತು, ಸೀಟು ಹಿಡಿಯಲು ಓಡಿದ. ನಾನು ಅಲ್ಲಿಂದಲೇ ಗಂಗಾವತಿಗೆ, ಮಾಸ್ತರರಿಗೆ ಫೋನು ಮಾಡಿದೆ.